ನಡುಬೆರಳಿನ ಉಂಗುರ

ರಾಜಶೇಖರ್ ತಂಗಿ ಪುಷ್ಪಾಳ ಮುಂಗೈ ಮೇಲೆ ಮಂಡಿಯೂರಿ ಕೂತು ಉಂಗುರ ಎಳೆಯತೊಡಗಿದ. ಕಾಫಿ ಒಣಹಾಕಿದ್ದ ಕಣದಲ್ಲಿ ಅವರಿಬ್ಬರೇ ಇದ್ದರು. ಅವರ ತಾಯಿ ನಂಜಮ್ಮ ಜಗಲಿಯ ಮೇಲೆ ನಿಂತಿದ್ದಳು.

"ಬಿಟ್ಬುಡೋ, ಮೂಳೆ ಮುರಿದೋಯ್ತದೆ," ಎಂದಳು. ಕೆಳಗೆ ಇಳಿದು ಬರಲಿಲ್ಲ.

ಅದು ೧೯೯೯ರ ಜನವರಿಯ ಒಂದು ಭಾನುವಾರ. ಕೆ. ಹೊಸಕೋಟೆಯ ಅಂಚಿನ ಆ ಮನೆಯಲ್ಲಿ ಮರುದಿನ ರಾಜಶೇಖರನ ಮಗಳು ಕೃತಿಕಾಳ ನಿಶ್ಚಿತಾರ್ಥ. ಹುಡುಗನಿಗೆ ತನ್ನ ತಂದೆ ಪರಮಶಿವಯ್ಯನವರ ಹವಳದ ಉಂಗುರವನ್ನೇ ಉಡುಗೊರೆಯಾಗಿ ಹಾಕುತ್ತೇನೆಂದು ಅವನು ಬೀಗರ ಮುಂದೆ ಹೇಳಿಬಿಟ್ಟಿದ್ದ. ಹಿರಿಯರ ಉಂಗುರ ಸಿಗುವುದೆಂದರೆ ಸಾಮಾನ್ಯವೇ ಎಂದು ಬೀಗರೂ ತಲೆದೂಗಿದ್ದರು. ಆದರೆ ಉಂಗುರ ಪುಷ್ಪಾಳ ನಡುಬೆರಳಲ್ಲಿತ್ತು.

ಪರಮಶಿವಯ್ಯನವರು ಲಕ್ವ ಹೊಡೆದು ಆರು ವರ್ಷ ಹಾಸಿಗೆ ಹಿಡಿದಿದ್ದರು. ಗಂಡ ಸತ್ತು ತವರಿಗೆ ಬಂದಿದ್ದ ಪುಷ್ಪಾಳೇ ಅವರಿಗೆ ಉಣಿಸಿ, ತೊಳೆದು, ಮಗ್ಗುಲು ಬದಲಿಸಿ ನೋಡಿಕೊಂಡಿದ್ದಳು. ಸಾಯುವ ತಿಂಗಳಲ್ಲಿ ಅವರೇ ಉಂಗುರ ತೆಗೆದು ಅವಳಿಗೆ ತೊಡಿಸಿದ್ದರು. ಅವರದು ಒಣಕಲು ಬೆರಳು, ಅವಳದು ಕೆಲಸ ಮಾಡಿ ಗೆಣ್ಣು ದಪ್ಪಗಾದ ಬೆರಳು. ಅಂದು ಹೇಗೋ ಒಳಹೋದ ಉಂಗುರ ಮತ್ತೆ ಹೊರಬಂದಿರಲಿಲ್ಲ.

"ಕೇಳಿದ್ರೆ ಕೊಡ್ತಿದ್ದೆ ಕಣೋ," ಪುಷ್ಪಾ ಅಳುತ್ತಾ ಹೇಳಿದಳು. "ನನ್ನ ಒಂದು ಮಾತೂ ಕೇಳ್ದೆ ಊರಿಗೆಲ್ಲ ಹೇಳ್ಕಂಡು ಬಂದ್ಯಲ್ಲೋ."

"ನಮ್ಮಪ್ಪನ ಉಂಗುರಕ್ಕೆ ನಿನ್ನ ಕೇಳ್ಬೇಕಾ?"

ಅವನು ಬೆರಳನ್ನು ಹಿಂದಕ್ಕೆ ಬಾಗಿಸಿ ಜಗ್ಗಿದ. ಗೆಣ್ಣಿನಲ್ಲಿ ಲಟಕ್ಕೆಂದು ಸದ್ದಾಯಿತು. ಪುಷ್ಪಾ ಚೀರಿದಳು. ಉಂಗುರ ಅಲ್ಲಾಡಲಿಲ್ಲ, ಬೆರಳು ಮಾತ್ರ ನೋಡನೋಡುತ್ತಲೇ ಊದಿತು. ರಾಜಶೇಖರ್ ಎದ್ದು ಸ್ಟೋರಿಗೆ ಹೋಗಿ ಕಾಫಿ ಗಿಡ ಸವರುವ ಕತ್ತರಿ ತಂದ. ನೋವಿಗೆ ಏಳಲಾರದೆ ಹೊರಳಾಡುತ್ತಿದ್ದ ಅವಳ ಕೈಯನ್ನು ಮತ್ತೆ ನೆಲಕ್ಕೆ ಅದುಮಿ ಹಿಡಿದ. ಉಂಗುರಕ್ಕೆ ಕತ್ತರಿ ಇಟ್ಟವನು ಒಂದು ಗಳಿಗೆ ಯೋಚಿಸಿದ. ಉಂಗುರ ಕತ್ತರಿಸಿದರೆ ನಾಳೆ ಹುಡುಗನಿಗೆ ಹಾಕುವುದು ಏನನ್ನು?

ಕತ್ತರಿಯ ಬಾಯಿ ಉಂಗುರದಿಂದ ಸರಿದು ಬೆರಳಿನ ಬುಡಕ್ಕೆ ಬಂತು.

ಪುಷ್ಪಾ ಅವನ ಮಣಿಕಟ್ಟನ್ನು ಹಲ್ಲಿನಿಂದ ಕಚ್ಚಿದಳು. ಬಾಯಿಗೆ ಉಪ್ಪುಪ್ಪಾದ ರಕ್ತ ಬಂದರೂ ಬಿಡಲಿಲ್ಲ. ಅವನು ಕೂಗಿ ಹಿಂದೆ ಸರಿದಾಗ ಹಣ್ಣುಗಾಫಿಯ ಮೇಲೆ ಕಾಲಿಟ್ಟು ಜಾರಿ ಬಿದ್ದ. ಪಕ್ಕದಲ್ಲಿದ್ದ ಕಾಫಿ ಹರಡುವ ಹಲಗೆಯನ್ನು ಎಡಗೈಯಲ್ಲಿ ಎತ್ತಿ ಅವನ ಮೊಣಕಾಲಿಗೆ ಬಾರಿಸಿ ಅವಳು ಓಡಿದಳು. ರಸ್ತೆಗೆ ಬರುವಷ್ಟರಲ್ಲಿ ಆಲೂರಿನ ಬಸ್ಸು ಹೊರಟಿತ್ತು. ಕೈ ಎತ್ತಿದಳು. ಕೈ ನೋಡಿದ ಕಂಡಕ್ಟರ್ ಟಿಕೆಟ್ ಕೇಳಲಿಲ್ಲ.

ಆಲೂರಿನಲ್ಲಿ ಡಾಕ್ಟರ ಕ್ಲಿನಿಕ್ಕಿಗೆ ಬೀಗ. ಚಿನ್ನದಂಗಡಿಯೂ ಮುಚ್ಚಿತ್ತು. ಬೆರಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಆಗ ಅವಳಿಗೆ ನೆನಪಾದವಳು ತಾಹಿರಾ.

ಬಸ್ ಸ್ಟ್ಯಾಂಡ್ ಎದುರು ತಾಹಿರಾಳ ಹೊಲಿಗೆ ಅಂಗಡಿ. ಬಸ್ಸಿಗೆ ಕಾಯುವ ಹೆಂಗಸರು ಅವಳ ಮುಂದೆ ತಮ್ಮ ಸಣ್ಣಪುಟ್ಟ ತಾಪತ್ರಯ ಹೇಳಿಕೊಳ್ಳುತ್ತಿದ್ದರು. ಸಿಕ್ಕಿಕೊಂಡ ಜಿಪ್ಪಿಗೆ ಅವಳು ಮೇಣದ ಬತ್ತಿ ಉಜ್ಜಿ ಕೊಡುತ್ತಿದ್ದಳು. ಸೀರೆಗೆ ಹಲಸಿನ ಅಂಟು ಹತ್ತಿದರೆ ಕೊಬ್ಬರಿ ಎಣ್ಣೆ ಹಚ್ಚಿ ಬಿಡಿಸುತ್ತಿದ್ದಳು. ಮಗುವಿನ ನಾಮಕರಣಕ್ಕೆ ಏನು ಕೊಡಲಿ ಎಂದು ಕೇಳಿದವರಿಗೆ ಉಳಿದ ಬಟ್ಟೆಚೂರಿನಲ್ಲೇ ಕುಲಾವಿ ಹೊಲಿದು ಕೊಟ್ಟದ್ದೂ ಉಂಟು. ಅವಳ ಗಂಡ ರಹೀಂ ಲಾರಿ ತೆಗೆದುಕೊಂಡು ಮಂಗಳೂರಿಗೆ ಹೋಗಿದ್ದ. ಅಂಗಡಿಯಲ್ಲಿ ಅವಳೊಬ್ಬಳೇ ಇದ್ದಳು.

"ಯಾ ಅಲ್ಲಾ! ಏನಾಯ್ತು ಪುಷ್ಪಕ್ಕ?"

"ನಮ್ಮಣ್ಣ. ಬೆರಳು ಕತ್ತರ್ಸೋಕೆ ಬಂದ. ಇಲ್ಲಿಗೂ ಬತ್ತಾನೆ."

ತಾಹಿರಾ ಎರಡೂ ಬಾಗಿಲು ಎಳೆದು ಅಗುಳಿ ಹಾಕಿದಳು. ಪುಷ್ಪಾಳ ಕೈಯನ್ನು ತಲೆಗಿಂತ ಮೇಲೆ ಎತ್ತಿ ಹಿಡಿಸಿ ತಣ್ಣೀರು ಸುರಿದಳು. ಆಮೇಲೆ ನೈಲಾನ್ ದಾರದ ಉಂಡೆ ತೆಗೆದು, ಹೇರ್‌ಪಿನ್ನಿನಿಂದ ದಾರದ ಒಂದು ತುದಿಯನ್ನು ಉಂಗುರದ ಕೆಳಗೆ ತೂರಿಸಿದಳು. ಉಳಿದ ದಾರವನ್ನು ಉಂಗುರದ ಅಂಚಿನಿಂದ ಉಗುರಿನ ಕಡೆಗೆ, ನಡುವೆ ಸಂದು ಬಿಡದೆ, ಬಿಗಿಯಾಗಿ ಸುತ್ತತೊಡಗಿದಳು.

"ಊತ ಒಳಗೆ ಅದುಮ್ಬೇಕು ಕಣಕ್ಕ. ನೋಯ್ತದೆ. ಈ ಬಟ್ಟೆ ಕಚ್ಕೋ."

ಮುರಿದ ಗೆಣ್ಣಿನ ಮೇಲೆ ದಾರ ಹತ್ತಿದಾಗ ಪುಷ್ಪಾಳ ಕಣ್ಣು ಕತ್ತಲೆಗಟ್ಟಿತು. ಅದೇ ಹೊತ್ತಿಗೆ ಹೊರಗೆ ಬೈಕು ನಿಂತಿತು. ಊದಿದ ಕೈ ಹಿಡಿದುಕೊಂಡು ಬಂದ ಹೆಂಗಸು ಎಲ್ಲಿ ಹೋದಳೆಂದು ಬಸ್ ಸ್ಟ್ಯಾಂಡಿನಲ್ಲಿ ಯಾರು ಬೇಕಾದರೂ ತೋರಿಸುತ್ತಿದ್ದರು.

"ತೆಗೀ ಬಾಗ್ಲು!" ಒಂದು ಒದೆ ಬಿತ್ತು. "ಪುಷ್ಪಾ! ತೆಗೀಲಿಲ್ಲ ಅಂದ್ರೆ ಇಬ್ರನ್ನೂ ಸಿಗ್ದಾಕ್ಬುಡ್ತೀನಿ!"

ತಾಹಿರಾ ಸುತ್ತುವುದು ನಿಲ್ಲಿಸಲಿಲ್ಲ. ದಾರ ಗೆಣ್ಣು ದಾಟಿತು. ಸೋಪು ನೀರು ಹಚ್ಚಿದಳು. ಈಗ ಉಂಗುರದ ಕೆಳಗಿನ ತುದಿ ಹಿಡಿದು ದಾರವನ್ನು ಬಿಚ್ಚತೊಡಗಿದಳು. ಒಂದೊಂದು ಸುತ್ತು ಬಿಚ್ಚಿದಂತೆ ಉಂಗುರ ಮುಂದಿನ ಸುತ್ತಿನ ಮೇಲೆ ಹತ್ತುತ್ತಾ ಹೋಯಿತು. ಅಗುಳಿಯ ಮೊಳೆ ಕಿತ್ತು ಒಂದು ಬಾಗಿಲು ಒಳಗೆ ಬಿದ್ದಾಗ ಉಂಗುರ ಬೆರಳಿನಿಂದ ಜಾರಿ ಹೊಲಿಗೆ ಮೆಷಿನ್ನಿನ ಕೆಳಗೆ ಉರುಳಿತು.

ರಾಜಶೇಖರ್ ಕತ್ತರಿ ಹಿಡಿದೇ ಬಂದಿದ್ದ. ಅಡ್ಡ ನಿಂತ ತಾಹಿರಾಳನ್ನು ಕೂದಲು ಹಿಡಿದು ಪಕ್ಕಕ್ಕೆ ಎಸೆದ. ಅವಳ ಹಣೆ ಮೆಷಿನ್ನಿನ ಅಂಚಿಗೆ ಹೊಡೆದು, ರಕ್ತ ಕಣ್ಣಿಗಿಳಿಯಿತು. ಅವನು ಅತ್ತ ತಿರುಗಿ ಸಹ ನೋಡಲಿಲ್ಲ. ಬಗ್ಗಿ ಕೈಚಾಚಿ ಉಂಗುರ ಹಿಡಿದ.

ಮೇಜಿನ ಮೇಲೆ ಇದ್ದಿಲು ತುಂಬಿದ ಇಸ್ತ್ರಿ ಪೆಟ್ಟಿಗೆ ಕಾದಿತ್ತು. ಪುಷ್ಪಾ ಅದನ್ನು ಎಡಗೈಯಲ್ಲಿ ಎತ್ತಿ, ಉಂಗುರ ಹಿಡಿದ ಅವನ ಮುಷ್ಟಿಯ ಮೇಲೆ ಇಟ್ಟು, ತನ್ನ ಮೈಭಾರವನ್ನೆಲ್ಲ ಬಿಟ್ಟು ಒತ್ತಿದಳು.

ಚರ್ಮ ಸುಟ್ಟ ವಾಸನೆ ಅಂಗಡಿಯ ತುಂಬ ಹರಡಿತು. ಅವನ ಅರಚಾಟ ಬಸ್ ಸ್ಟ್ಯಾಂಡಿಗೆಲ್ಲ ಕೇಳಿಸಿತು. ಇನ್ನೊಂದು ಕೈಯಲ್ಲಿದ್ದ ಕತ್ತರಿಯನ್ನು ಅವನು ಹಿಂದುಮುಂದು ನೋಡದೆ ಬೀಸಿದ. ಅದು ಪುಷ್ಪಾಳ ತೋಳು ಸೀಳಿತು. ಆಗಲೂ ಅವಳು ಪೆಟ್ಟಿಗೆ ಎತ್ತಲಿಲ್ಲ.

ಪಕ್ಕದ ಹೋಟೆಲಿನ ಸಿದ್ದಬಸಪ್ಪ ಮತ್ತು ಇನ್ನಿಬ್ಬರು ಓಡಿಬಂದು ಅವನನ್ನು ಹೊರಗೆಳೆದರು. ತಾಹಿರಾಳ ಮುಖದ ರಕ್ತ ಕಂಡ ಜನ ಸುಮ್ಮನಿರಲಿಲ್ಲ. ಚಪ್ಪಲಿ, ಕಟ್ಟಿಗೆ, ಕೈಗೆ ಸಿಕ್ಕಿದ್ದರಲ್ಲಿ ಹೊಡೆದರು. ಪುಷ್ಪಾ ಮುರಿದ ಬಾಗಿಲ ಬಳಿ ಕೂತು ನೋಡುತ್ತಿದ್ದಳು. ಚಿಕ್ಕಂದಿನಲ್ಲಿ ಸ್ಕೂಲಿಗೆ ಹೆಗಲ ಮೇಲೆ ಹೊತ್ತುಕೊಂಡು ಹೋಗುತ್ತಿದ್ದ ಅಣ್ಣ ಅವನು. ಬಿಡಿಸಬೇಕು ಅನಿಸಿತು. ಅನಿಸಿಯೂ ಸ್ವಲ್ಪ ಹೊತ್ತು ಬಾಯಿ ಬಿಡಲಿಲ್ಲ. ಅವನ ಹಲ್ಲೊಂದು ಮಣ್ಣಿಗೆ ಬಿದ್ದ ಮೇಲೆ, "ಸಾಕು ಬುಡ್ರಪ್ಪ, ಸತ್ತೋದಾನು," ಎಂದಳು.

ತಾಹಿರಾಳ ಹಣೆಗೆ ಐದು ಹೊಲಿಗೆ ಬಿತ್ತು. ಪುಷ್ಪಾಳ ತೋಳಿಗೆ ಹೊಲಿಗೆ ಹಾಕಿ, ಗೆಣ್ಣನ್ನು ಹಾಸನದ ಆಸ್ಪತ್ರೆಯಲ್ಲಿ ಕೂರಿಸಿದರು. ಬೆರಳು ಉಳಿಯಿತು, ಆದರೆ ಬಾಗುವುದಿಲ್ಲ. ಅಣ್ಣನ ಮುಷ್ಟಿಯಿಂದ ಬಿದ್ದ, ಹವಳ ಒಡೆದಿದ್ದ ಉಂಗುರವನ್ನು ಅವಳು ದೂರಿನ ಜೊತೆ ಠಾಣೆಯಲ್ಲಿ ಕೊಟ್ಟಳು, ವಾಪಸ್ ಕೇಳಲು ಹೋಗಲಿಲ್ಲ. ಪೊಲೀಸರು ರಾಜಶೇಖರನನ್ನು ಅಂದು ರಾತ್ರಿಯೇ ಮನೆಗೆ ಬಿಟ್ಟಿದ್ದರು.

ಮಂಗಳವಾರ ಮಧ್ಯಾಹ್ನ ಕೃತಿಕಾ ಒಂದು ಬ್ಯಾಗು ಹಿಡಿದು, ಪುಷ್ಪಾ ಉಳಿದುಕೊಂಡಿದ್ದ ತಾಹಿರಾಳ ಅಂಗಡಿಗೆ ಬಂದಳು. ಅತ್ತೆಯ ಪಟ್ಟಿ ಸುತ್ತಿದ ಕೈ ನೋಡುತ್ತಾ ಪಕ್ಕದಲ್ಲಿ ಕೂತಳು.

"ನಿಶ್ಚಿತಾರ್ಥ ಏನಾಯ್ತು ಮಗ?"

"ಅಪ್ಪ ಆ ಮುಖ ಹೊತ್ಕಂಡೇ ಕೂತಿದ್ರು. ಬೈಕಿಂದ ಬಿದ್ದೆ, ಸೈಲೆನ್ಸರ್ ತಾಗಿ ಕೈ ಸುಡ್ತು ಅಂದ್ರು. ನಾನು ಎಲ್ರ ಮುಂದೆ ನಡೆದಿದ್ದು ನಡೆದಂಗೆ ಹೇಳ್ದೆ."

"ಯಾಕೆ ಹೇಳ್ದೆ? ಎದ್ದೋದ್ರಾ ಅವ್ರು?"

"ಎದ್ದೋಗ್ತಾರೆ ಅಂದ್ಕಂಡಿದ್ದೆ ಅತ್ತೆ. ನಕ್ಬುಟ್ರು. 'ಹಂಗಾದ್ರೂ ಉಂಗುರ ತರ್ಬೇಕಿತ್ತು ಮಾವ' ಅಂದ ಹುಡುಗ. ನಾನೇ ಎದ್ದೆ. ಅಪ್ಪ ಸುಡದಿರೋ ಕೈಯಲ್ಲಿ ಹೊಡೆದ್ರು."

ಕೆನ್ನೆಯ ಮೇಲೆ ಬೆರಳಿನ ಗುರುತಿತ್ತು. ಪುಷ್ಪಾ ಅದನ್ನು ಮುಟ್ಟಿದಳು. ಈ ಮೂರು ದಿನದಲ್ಲಿ ಮೊದಲ ಸಲ ಅವಳಿಗೆ ಜೋರಾಗಿ ಅಳು ಬಂತು.

ಅದೇ ವಾರ ಬಸ್ ಸ್ಟ್ಯಾಂಡ್ ಹಿಂದೆ ಮಂಗಳೂರಿನಿಂದ ವಾಪಸಾದ ರಹೀಂ ಪುಷ್ಪಾ, ಕೃತಿಕಾ ಇಬ್ಬರಿಗೂ ಒಂದು ಕೋಣೆ ಹುಡುಕಿಕೊಟ್ಟ. ಮೊದಮೊದಲು ಅವರು ಬಾಗಿಲಿಗೆ ಅಕ್ಕಿ ಮೂಟೆ ಒತ್ತರಿಸಿ ಮಲಗುತ್ತಿದ್ದರು. ರಾಜಶೇಖರ್ ಬರಲಿಲ್ಲ. ಎರಡನೇ ವಾರ ಮೂಟೆ ಬಿಚ್ಚಿ ಅನ್ನಕ್ಕಿಟ್ಟರು.