ದಾಸಯ್ಯನ ಎಡಗಾಲು

“ಉಸ್ರು ಬುಡವ್ವ,” ಎಂದು ದಾಸಯ್ಯ ಎಡಗಾಲು ಎತ್ತಿದ. ಹೊಸಿಲಿಗೆ ಅಡ್ಡಲಾಗಿ ಬೋರಲು ಮಲಗಿದ್ದ ಚಲುವಮ್ಮ ಸೆರಗು ಕಚ್ಚಿಕೊಂಡಳು. ಹಿಮ್ಮಡಿ ಅವಳ ಸೊಂಟದ ಮೇಲೆ ಬಿತ್ತು. ಲಟಕ್ಕೆಂದಿತು.

“ಬುಡ್ತು ನೋಡು!”

ಚಲುವಮ್ಮ ಏಳಲಿಲ್ಲ. ಗಂಡ ಚಿಕ್ಕಸ್ವಾಮಿ ಹೊತ್ತುಕೊಂಡು ಹೋದ.

ದಾಸಯ್ಯ ಕಾಲು ಮುಂದಾಗಿ ಹುಟ್ಟಿದವನು. ಅಂಥವನು ತುಳಿದರೆ ಹಿಡಿದ ಸೊಂಟ ಬಿಡುತ್ತದೆಂದು ಪಾಂಡವಪುರದ ಸುತ್ತಲ ಹಳ್ಳಿಗಳಲ್ಲಿ ನಂಬಿಕೆ. ಕಾಸು ಮುಟ್ಟುವಂತಿಲ್ಲ, ಒಂದು ತೆಂಗಿನಕಾಯಿ ಕೊಟ್ಟರಾಯಿತು. ಆಲೆಮನೆಗೆ ಕಬ್ಬು ಹೊರುವವರೆಲ್ಲ ಅವನ ಬಾಗಿಲಿಗೆ ಬರುತ್ತಿದ್ದರು. ಚಲುವಮ್ಮನೂ ಕಬ್ಬಿನ ಹೊರೆ ಎತ್ತುವಾಗಲೇ ಸೊಂಟ ಹಿಡಿಸಿಕೊಂಡವಳು.

ಮಾರನೆಯ ಬೆಳಿಗ್ಗೆ ಚಿಕ್ಕಸ್ವಾಮಿ ಮತ್ತೆ ಬಂದ. “ಅಣ್ಣ, ಇವಳ ಬಲಗಾಲು ಜೋಮು ಹಿಡದದೆ. ಶ್ರೀರಂಗಪಟ್ಟಣದಲ್ಲಿ ಬೆನ್ನುಮೂಳೆ ನೋಡೋ ಡಾಕ್ಟ್ರಮ್ಮ ಅವ್ರಂತೆ. ಕೈರೋಪ್ರಾಕ್ಟರು ಅಂತಾರಂತೆ, ಕೈಲೇ ಸರಿ ಮಾಡ್ತಾರಂತೆ. ಬಸ್ಸು ಹತ್ತಿಸ್ಬೇಕು, ಬಾ.”

“ನಾನು ಕಾಲಲ್ಲಿ ಮಾಡೋದ್ನ ಆಯಮ್ಮ ಕೈಲಿ ಮಾಡ್ತಳೆ. ಅಷ್ಟಕ್ಕೆ ಬಸ್ಸು ಬೇರೆ ಕೇಡು!” ಎಂದು ದಾಸಯ್ಯ ನಕ್ಕ. ಆದರೂ ಹೋದ.

ಡಾಕ್ಟರು ನೂರ್ ಫಾತಿಮಾ ಚಲುವಮ್ಮನನ್ನು ಕೂಡಲೇ ಮುಟ್ಟಲಿಲ್ಲ. ಮೊದಲು ಬರೀ ಪ್ರಶ್ನೆ. ನೋವು ಹೇಗೆ ಶುರುವಾಯಿತು? ಎಲ್ಲಾದರೂ ಬಿದ್ದಿದ್ದಿರಾ? ಬೇರೆ ಕಾಯಿಲೆ ಇದೆಯಾ, ಮಾತ್ರೆ ನುಂಗುತ್ತೀರಾ?

“ಪುರಾಣ ಆಮೇಲೆ ಕೇಳೀರಂತೆ ತಾಯಿ, ಒಂದ್ಸಲ ಲಟಕ್ಕನ್ಸಿ,” ಎಂದ ದಾಸಯ್ಯ.

“ಏನಾಗಿದೆ ಅಂತ ಗೊತ್ತಿಲ್ದೆ ಕೈ ಇಡೋಕೆ ನಂಗೆ ಧೈರ್ಯ ಇಲ್ಲ ಅಣ್ಣ. ಮೊದಲ ದಿನ ಕೇಳೋದು, ನೋಡೋದೇ ಹೆಚ್ಚು. ಬೇಕಾದ್ರೆ ಎಕ್ಸ್‌ರೇ. ಎಲ್ಲಿ ಒತ್ತುತೀನಿ, ಯಾಕೆ ಒತ್ತುತೀನಿ ಅಂತ ಹೇಳ್ತೀನಿ. ಇವರು ಹೂಂ ಅಂದ್ರೇನೇ ಮುಂದಿನ ಕೆಲಸ.”

ಆಮೇಲೆ ಚಲುವಮ್ಮನನ್ನು ಕೂರಿಸಿ, ಮೊಣಕಾಲಿಗೆ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು. ಎಡಗಾಲು ಚಿಮ್ಮಿತು. ಬಲಗಾಲು ಸುಮ್ಮನೆ ತೂಗುಬಿದ್ದಿತ್ತು. ಪಾದಕ್ಕೆ ಸೂಜಿಮೊನೆ ತಾಗಿಸಿದರೆ ಚಲುವಮ್ಮನಿಗೆ ಗೊತ್ತೇ ಆಗಲಿಲ್ಲ.

“ಒಂದಕ್ಕೆ ಹೋಗಿದ್ರಾ?”

ಚಲುವಮ್ಮ ಗಂಡಸರ ಮುಖ ನೋಡಿ ತಲೆ ತಗ್ಗಿಸಿದಳು. ಡಾಕ್ಟರು ಇಬ್ಬರನ್ನೂ ಹೊರಗೆ ಕಳಿಸಿದರು. ಬಾಗಿಲ ಪರದೆಯಾಚೆಯಿಂದ ಅವಳ ದನಿ ದಾಸಯ್ಯನಿಗೆ ಕೇಳಿಸಿತು: “ನೆನ್ನೆ ತುಳಿಸ್ಕಂಡ ಮ್ಯಾಲೆ ಬಂದೇ ಇಲ್ಲ ಕಣವ್ವ. ಕುಂತ ಜಾಗನೂ ಗೊತ್ತಾಯ್ತಿಲ್ಲ.”

ನೂರ್ ಫಾತಿಮಾ ತಟ್ಟನೆ ಹೊರಬಂದರು. “ಇದು ನನ್ನ ಕೈಯ ಕೆಲಸ ಅಲ್ಲ. ನರ ಅದುಮಿಕೊಂಡಿರೋ ಹಾಗಿದೆ. ಈಗಲೇ ಮೈಸೂರಿನ ದೊಡ್ಡ ಆಸ್ಪತ್ರೆಗೆ ಹೋಗಿ, ಆಪರೇಷನ್ ಬೇಕಾಗಬಹುದು. ತುಳಿದದ್ದು ಯಾರು?”

ಚಿಕ್ಕಸ್ವಾಮಿ ದಾಸಯ್ಯನ ಎಡಗಾಲಿನತ್ತ ನೋಡಿದ.

“ನಾನೇ,” ಎಂದ ದಾಸಯ್ಯ.

“ತುಳಿಯೋ ಮುಂಚೆ ಏನಾದ್ರೂ ಕೇಳಿದ್ರಾ?”

“ಕಾಯಿ ತಂದಿದ್ದೀಯಾ ಅಂತ ಕೇಳಿದ್ದೆ.”

ಅವತ್ತೇ ಆಪರೇಷನ್ ಆಯಿತು. ಚಲುವಮ್ಮ ಬದುಕಿ ಬಂದಳು. ಬಲಗಾಲು ಬರಲಿಲ್ಲ. ಈಗ ಕೋಲೂರಿ, ಆ ಕಾಲನ್ನು ಎಳೆಯುತ್ತ, ದಾಸಯ್ಯನ ಬಾಗಿಲ ಮುಂದೆಯೇ ನಲ್ಲಿಗೆ ಹೋಗುತ್ತಾಳೆ. ಆ ಸದ್ದು ಬಂದಾಗ ದಾಸಯ್ಯ ಎದ್ದು ಒಳಗೆ ಹೋಗುತ್ತಾನೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬೆನ್ನಿಗೆ ಕೈ ಹಾಕುವವರು ಯಾರೇ ಇರಲಿ, ಮೊದಲು ನಿಮ್ಮನ್ನು ಕೇಳಬೇಕು, ಪರೀಕ್ಷೆ ಮಾಡಬೇಕು, ಏನು ಮಾಡುತ್ತೇನೆಂದು ಹೇಳಬೇಕು. ಇದನ್ನೆಲ್ಲಿ ಕಲಿತಿರಿ ಎಂದು ನೀವೂ ಕೇಳಿ. ನಾಚಿಕೆಪಟ್ಟು ಏನನ್ನೂ ಮುಚ್ಚಿಡಬೇಡಿ. ಬೇಡವೆನಿಸಿದರೆ ಬೇಡ ಎನ್ನಿ. ಸೊಂಟನೋವಿನ ಜೊತೆ ಕಾಲು ಜೋಮು ಹಿಡಿದರೆ, ಮೂತ್ರ ಕಟ್ಟಿದರೆ, ಯಾರ ಕೈಗೂ ಯಾರ ಕಾಲಿಗೂ ಬೆನ್ನೊಡ್ಡದೆ ಆ ಕ್ಷಣವೇ ಆಸ್ಪತ್ರೆಗೆ ಹೋಗಿ.

ಮೊನ್ನೆ ಪಕ್ಕದೂರಿನ ದೇವರಾಜು ತೆಂಗಿನಕಾಯಿ ಹಿಡಿದು ಬಂದವನೇ ದಾಸಯ್ಯನ ಹೊಸಿಲಿಗೆ ಅಡ್ಡಲಾಗಿ ಮಲಗಿಬಿಟ್ಟ.

“ತುಳಿಯಣ್ಣ, ನಾಳೆ ಕಬ್ಬು ಕಡೀಬೇಕು.”

“ಕಾಲು ಜೋಮು ಹಿಡದದಾ? ಒಂದಕ್ಕೆ ಸಲೀಸಾಗಿ ಹೋಯ್ತಿದ್ದೀಯಾ?”

“ಇದೇನಣ್ಣ, ಪೋಲೀಸ್ನೋರಂಗೆ ಕೇಳ್ತೀಯ! ತುಳಿ ಅಂದ್ರೆ.”

ದಾಸಯ್ಯ ತೆಂಗಿನಕಾಯಿಯನ್ನು ಅವನ ಕೈಗೇ ಇಟ್ಟ.

“ತುಳಿಯಕ್ಕಿಲ್ಲ ಕಣ್ಲಾ. ಎದ್ದೇಳು.”