ಎರಡನೇ ಮಿಷನ್ನಿನ ವಾಸನೆ

ಶ್ರಾವಣ ಹಿಡಿಯಿತೆಂದರೆ ಗೌರೀಶನ ಫ್ಯಾಕ್ಟರಿಯೊಳಕ್ಕೆ ಈರುಳ್ಳಿ ಬೆಳ್ಳುಳ್ಳಿ ಬರುವ ಹಾಗಿರಲಿಲ್ಲ. ಹಾಸನದ ಕೈಗಾರಿಕಾ ಪ್ರದೇಶದ ಕೊನೆಯ ಸಾಲಿನಲ್ಲಿದ್ದ, ಪ್ಲಾಸ್ಟಿಕ್ ಕರಗಿಸಿ ಅಚ್ಚು ಹಾಕುವ ನಾಲ್ಕು ಮಿಷನ್ನುಗಳ ಶೆಡ್ಡು ಅದು. ಆ ತಿಂಗಳು ಪೂರ್ತಿ ಅವನ ತಾಯಿ ದಾಕ್ಷಾಯಣಮ್ಮ ಬೆಳಿಗ್ಗೆ ಬಂದು ಒಂದೊಂದು ಮಿಷನ್ನಿಗೂ ವಿಭೂತಿ ಹಚ್ಚಿ, ಹೂ ಇಟ್ಟು ಹೋಗುತ್ತಿದ್ದರು. ಹತ್ತಿರದ ಮೊಸಳೆ ಎಂಬ ಊರಿನಿಂದ ಬಸ್ಸಿಗೆ ಬರುವ ಹೆಂಗಸರಿಗೆ ಬೆಳ್ಳುಳ್ಳಿ ಬೀಳದ ಸಾರು ಸಾರೇ ಅಲ್ಲ. ಆದರೂ ಒಂದು ತಿಂಗಳು ತಾನೇ ಎಂದು ಬರೀ ಮೊಸರನ್ನ, ಚಿತ್ರಾನ್ನ ಕಟ್ಟಿಕೊಂಡು ಬರುತ್ತಿದ್ದರು.

ಮೊದಲೆಲ್ಲ ಅಲ್ಲಿ ಬಕೆಟ್ಟು, ಮಗ್ಗು ಮಾಡುತ್ತಿದ್ದರು. ಈ ವರ್ಷ ಗೌರೀಶ ಓಡಾಡಿ ಕರೆಂಟಿನ ಸ್ವಿಚ್ಚುಗಳ ಕವಚದ ಆರ್ಡರು ತಂದಿದ್ದ. ಅದಕ್ಕೆ ಸಾದಾ ಪ್ಲಾಸ್ಟಿಕ್ಕು ಆಗದು. ಶಾರ್ಟ್ ಆದರೆ ಹೊತ್ತಿಕೊಂಡು, ಉರಿಯುತ್ತಲೇ ತೊಟ್ಟಿಕ್ಕಿ ಮನೆ ಸುಡುತ್ತದೆ. ಹಾಗಾಗಿ ನೈಲಾನಿಗೆ ರಂಜಕ ತುಂಬಿದ ಕೆಂಪು ಕಾಳು ಬೆರೆಸಬೇಕು. ಆಗ ಬೆಂಕಿ ತಗುಲಿದರೂ ಮೇಲೊಂದು ಕರಿ ಪದರ ಕಟ್ಟಿ ಉರಿ ತಾನೇ ನಂದುತ್ತದೆ. ಸೂಪರ್‌ವೈಸರ್ ಕಾಂತರಾಜು ಮೊದಲ ದಿನ ಲೈಟರ್ ಹಿಡಿದು ಅದನ್ನು ಎಲ್ಲರಿಗೂ ತೋರಿಸಿದ್ದ.

ಶ್ರಾವಣದ ಎರಡನೇ ಸೋಮವಾರ ಎರಡನೇ ಮಿಷನ್ನಿನ ಹತ್ತಿರ ಬೆಳ್ಳುಳ್ಳಿ ವಾಸನೆ ಬಂತು. ಮೂಗು ಮುಚ್ಚಿಕೊಂಡವರು ದಾಕ್ಷಾಯಣಮ್ಮ. ಆ ಮಿಷನ್ನಿಗೆ ಇದ್ದವಳು ಸ್ಮಿತಾ, ಮೊಸಳೆಯವಳು. ತಾನು ತಂದಿಲ್ಲ ಎಂದಳು. ಮಾರನೆಯ ದಿನವೂ ವಾಸನೆ ಬಂತು. ಗೌರೀಶನ ಮಾತಿನಂತೆ ಕಾಂತರಾಜು ಗೇಟಿನಲ್ಲೇ ಅವಳ ಊಟದ ಡಬ್ಬಿ ಬಿಚ್ಚಿಸಿ ನೋಡತೊಡಗಿದ. ಡಬ್ಬಿಯಲ್ಲಿ ಏನೂ ಸಿಗಲಿಲ್ಲ. ಮನೆಯಲ್ಲೇ ತಿಂದು ಬರುತ್ತಾಳೆ ಬಿಡು ಎಂದ ಗೌರೀಶ. ಹೆಂಗಸರಲ್ಲೊಬ್ಬಳು, ನಿಮ್ಮತ್ತೆ ತಲೆಗೆ ಬೆಳ್ಳುಳ್ಳಿ ಎಣ್ಣೆ ಹಚ್ಚಿ ಕಳಿಸ್ತಾಳೇನೋ ಎಂದು ನಕ್ಕಳು.

ಆ ವಾರವೆಲ್ಲ ಸ್ಮಿತಾ ತಲೆನೋವು, ವಾಕರಿಕೆ ಎನ್ನುತ್ತಿದ್ದಳು. ಸಿಕ್ಕಿಬಿದ್ದ ಮೇಲಿನ ನಾಟಕ ಎಂದುಕೊಂಡರು. ಶನಿವಾರ ಗೌರೀಶ ಎಲ್ಲರ ಎದುರಿಗೇ, ಶ್ರಾವಣ ಕಳೆಯುವವರೆಗೆ ಬರಬೇಡ ಎಂದುಬಿಟ್ಟ. ಅವಳು ಚೀಲ ಎತ್ತಿಕೊಂಡು ಹೋದಳು.

ಅವಳ ಜಾಗಕ್ಕೆ, ಶ್ರಾವಣ ಮುಗಿಯುವ ತನಕ ಎಂದು, ಧನುಶ್ರೀ ಬಂದಳು. ದಾಕ್ಷಾಯಣಮ್ಮನ ತಂಗಿಯ ಮೊಮ್ಮಗಳು. ಅವರ ಮನೆಯಲ್ಲಿ ಶ್ರಾವಣವೆಂದರೆ ಬೆಳ್ಳುಳ್ಳಿ ಬುಟ್ಟಿಯೇ ಹೊರಗೆ. ಜಡಿಮಳೆ ಹಿಡಿದಿತ್ತು. ಮಧ್ಯಾಹ್ನದ ಹೊತ್ತಿಗೆ ಅವಳು ಹಣೆ ಒತ್ತಿಕೊಳ್ಳುತ್ತ ಬಂದು ಕಾಂತರಾಜುವನ್ನು ಕೇಳಿದಳು, “ಮಾಮ, ಇಲ್ಯಾರು ಬೆಳ್ಳುಳ್ಳಿ ತಿಂದವ್ರೆ?”

ಕಾಂತರಾಜು ಹೋಗಿ ಮಿಷನ್ನಿನ ಮೂತಿಗೆ ಬಗ್ಗಿದ. ಕರಗಿದ ಪ್ಲಾಸ್ಟಿಕ್ಕು ಬೀಳುವ ಕಡೆಯಿಂದಲೇ ವಾಸನೆ ಬಡಿಯಿತು. ಕೆಂಪು ಕಾಳು ಹೋಗುತ್ತಿದ್ದದ್ದು ಆ ಮಿಷನ್ನೊಂದಕ್ಕೇ. ಕಾಳು ಮಾರಿದ ಕಂಪನಿಯವನಿಗೆ ಫೋನು ಮಾಡಿದ. ಅವನು ಕೇಳಿದ ಮೊದಲ ಮಾತೇ ಚೀಲದ ಬಾಯಿ ಕಟ್ಟಿಟ್ಟಿದ್ದೀರಾ ಎಂದು. ಕಟ್ಟಿರಲಿಲ್ಲ. ಬಕೆಟ್ಟಿನ ಕಾಲದಿಂದಲೂ ಚೀಲದ ಬಾಯಿ ಕೆಳಕ್ಕೆ ಸುರುಳಿ ಸುತ್ತಿ ತೆರೆದಿಟ್ಟು, ಬೇಕಾದಾಗ ಮಗ್ಗಿನಲ್ಲಿ ಮೊಗೆದು ಹಾಕುವುದೇ ಅವರ ರೂಢಿ. ಕೆಂಪು ಕಾಳು ಮಳೆಗಾಲದ ತೇವ ಹೀರಿ ಕಾದರೆ ಅನಿಲ ಬಿಡುತ್ತದೆ, ಅದು ಬೆಳ್ಳುಳ್ಳಿಯಂತೆ ನಾರುತ್ತದೆ, ಉಸಿರಿಗೆ ವಿಷ. ಮೊದಲು ಮಿಷನ್ ಆರಿಸಿ ಜನರನ್ನು ಆಚೆ ಕಳಿಸಿ ಎಂದನವನು.

ಕಾಂತರಾಜು ಮಿಷನ್ ಆರಿಸಿ, ಎಲ್ಲರನ್ನೂ ಆಚೆ ಕಳಿಸಿ, ಶಟರ್ ಎತ್ತಿಸಿದ. ನಾಳೆ ಲಾರಿ ಬರುವುದಿದೆ, ಯಾರನ್ನು ಕೇಳಿ ಆರಿಸಿದೆ ಎನ್ನುತ್ತ ಗೌರೀಶ ಬಂದ.

“ಆಯಮ್ಮನ ತಪ್ಪಿಲ್ಲ ಕಣಪ್ಪ,” ಎಂದ ಕಾಂತರಾಜು. “ವಾಸ್ನೆ ನಮ್ ಮಿಷನ್ದು.”

ಗೌರೀಶ ಚೀಲ ನೋಡಿದ. “ಅಂಗಾರೆ ಬರಕ್ಕೇಳು ಅವಳ್ನ,” ಎಂದು ಆಫೀಸಿಗೆ ಹೋದ.

ಸಂಜೆ ಕಾಂತರಾಜು ಮೊಸಳೆಗೆ ಹೋದಾಗ ಸ್ಮಿತಾ ಯಾರದೋ ಹೊಲದಲ್ಲಿ ಆಲೂಗಡ್ಡೆ ಕೀಳುತ್ತಿದ್ದಳು. ಅವನು ಹೇಳುವುದನ್ನೆಲ್ಲ ಕೆಲಸ ನಿಲ್ಲಿಸದೆ ಕೇಳಿದಳು.

“ತಲೆನೋವು ಅಂದ್ರೆ ನಾಟ್ಕ ಅಂದ್ರಿ. ನಿಮ್ಮುಡುಗಿ ಮೂಗಿಗೆ ಬಡುದ್ಮೇಲೆ ನಿಜ ಆಯ್ತಾ ಅಣ್ಣ?”

ಆಸ್ಪತ್ರೆಗೆ ತೋರಿಸುತ್ತೇವೆ, ಸೋಮವಾರದಿಂದ ಬಾ ಎಂದ.

“ಆಸ್ಪತ್ರೆಗೆ ಬತ್ತೀನಿ. ಫ್ಯಾಕ್ಟ್ರಿಗೆ ಮಾತ್ರ, ಓನರು ಎಲ್ರ ಮುಂದೆ ನಂದ್ ತಪ್ಪಿಲ್ಲ ಅಂತ ಏಳುದ್ಮೇಲೆ. ಬ್ಯಾಡ ಅಂದಿದ್ದೂ ಅಲ್ಲೇ ತಾನೆ?”

ಡಾಕ್ಟರು ನೋಡಿ ಸದ್ಯಕ್ಕೇನೂ ಇಲ್ಲ ಎಂದರು. ಫ್ಯಾಕ್ಟರಿಯಲ್ಲಿ ಗಾಳಿ ಎಳೆಯುವ ಫ್ಯಾನು ಕೂರಿಸಿದರು, ಕೆಂಪು ಕಾಳಿಗೆ ಬಿಗಿ ಮುಚ್ಚಳದ ಡ್ರಮ್ಮು ಬಂತು. ಗೌರೀಶ ಮಾತ್ರ ಹೇಳಲಿಲ್ಲ. ಕಾಂತರಾಜು ನೆನಪಿಸಿದಾಗೆಲ್ಲ, “ಏಳಣ ಕಣ ಕಾಂತಣ್ಣ, ಏನರ್ಜೆಂಟು,” ಎನ್ನುತ್ತಿದ್ದ.

ಕೊನೆಗೊಂದು ದಿನ ಪಾಳಿ ಬದಲಾಗುವ ಹೊತ್ತಿಗೆ ಎಲ್ಲರನ್ನೂ ನಿಲ್ಲಿಸಿಕೊಂಡು ಕಾಂತರಾಜೇ ಹೇಳಿದ: ಚೀಲ ಬಿಚ್ಚಿಟ್ಟದ್ದು ತಾನು, ಸ್ಮಿತಾಳದು ಏನೂ ಇರಲಿಲ್ಲ. ಗೌರೀಶ ಆಫೀಸಿನ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ. ಮಾತು ಮುಗಿಯುತ್ತಲೇ ಒಳಗೆ ಹೋದ. ಮೊಸಳೆಯ ಹೆಂಗಸರು ಸುದ್ದಿಯನ್ನು ಸಂಜೆಯ ಬಸ್ಸಿನಲ್ಲೇ ಊರಿಗೆ ಮುಟ್ಟಿಸಿದರು.

ಸ್ಮಿತಾ ಮರುದಿನ ಬರಲಿಲ್ಲ. ಮುಂದಿನ ವಾರ ಅವಳು ಗಾರ್ಮೆಂಟ್ಸಿನ ವ್ಯಾನು ಹತ್ತಿದ್ದನ್ನು ಕಂಡವರು ಬಂದು ಹೇಳಿದರು. ಕಾಂತರಾಜು ಎರಡನೇ ಮಿಷನ್ನಿಗೆ ಬೇರೆ ಆಳು ಹುಡುಕತೊಡಗಿದ.