ಫೋಟೋಗೆ ಬಂದ ಹನ್ನೆರಡು ಜನ

ನಮ್ಮ ಹೀರೋನ ಅಭಿಮಾನಿಗಳ ಸಮಾವೇಶ ವರ್ಷಕ್ಕೊಂದು ಊರಿನಲ್ಲಿ ನಡೆಯುತ್ತದೆ. ಇಪ್ಪತ್ತು ವರ್ಷದ ಹಿಂದೆ ಮಡಿಕೇರಿಯಲ್ಲಿ ಆರುನೂರು ಜನ ಸೇರಿದ್ದರು. ಈ ಸಲ ನಾಪೋಕ್ಲಿಗೆ ಬಂದದ್ದು ಒಂಬತ್ತು ಮಂದಿ, ಅವರಲ್ಲೂ ಇಬ್ಬರು ಬಿರಿಯಾನಿಗೆ ಬಂದವರು. ಕಾರ್ಯದರ್ಶಿಯಾದ ನಾನು ಮಾನ ಉಳಿಸಿಕೊಳ್ಳಲು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಿಗೆ ಫೋನ್ ಮಾಡಿ, ಕೂಲಿಯವರ ಲೈನುಮನೆಗಳಿಂದ ಹನ್ನೆರಡು ಕೆಲಸದವರನ್ನು ಜೀಪಿನಲ್ಲಿ ತರಿಸಿದೆ. ಸಂಘದ ಟೀ-ಶರ್ಟ್ ಹಂಚಿದೆ.

"ಫೋಟೋ ಆದ್ಕೂಡ್ಲೆ ಬಿಚ್ಚಿಕೊಡ್ಬೇಕು, ಗೊತ್ತಾಯ್ತಾ?" ಎಂದು ಗದರಿದೆ.

ರಾಸಾತಿ ಎಂಬ ಮುದುಕಿ ಟೀ-ಶರ್ಟ್ ಬೇಡವೆಂದಳು. ಸೆರಗಿನ ಗಂಟು ಬಿಚ್ಚಿ, ಬಣ್ಣ ಹೋದ ಬ್ಯಾಡ್ಜೊಂದನ್ನು ತೆಗೆದು ಎದೆಗೆ ಚುಚ್ಚಿಕೊಂಡಳು. ಮಡಿಕೇರಿಯ ಸಮಾವೇಶದ್ದು. ಅದರ ಮೇಲೆ ನನ್ನದೇ ಸಹಿ.

"ಪ್ರತಿ ವರ್ಷ ಎಲ್ಲಾಗ್ತದೆ ಅಂತ ಕೇಳ್ತಾನೇ ಇದ್ದೆ ಸಾರ್," ಎಂದಳು. "ಲೈನಿನವರಿಗೆ ಯಾರೂ ಹೇಳ್ಲೇ ಇಲ್ಲ."